ಕಿವಿಯಿಲ್ಲದ ಬೊಂಬೆ: ಲಂಡನ್ನಿನ ಒಡವೆ ಪ್ರದರ್ಶನಗಳ ಒಂದು ವಿಮರ್ಶೆ

ಲಂಡನ್ನಿನ ಒಡವೆ ಅಂಗಡಿಗಳ ಗಾಜಿನ ಹಿಂದೆ ನಿಂತಿರುವ ಬೊಂಬೆಗೆ ಕುತ್ತಿಗೆಯಿದೆ, ಭುಜವಿದೆ, ಎದೆಯ ಮೇಲ್ಭಾಗವಿದೆ. ಕಿವಿಯಿಲ್ಲ, ಮೂಗಿಲ್ಲ, ಕೂದಲಿಲ್ಲ, ಸೊಂಟವಿಲ್ಲ. ಬಾಂಡ್ ಸ್ಟ್ರೀಟಿನ ಬೊಂಬೆ ಸಾಮಾನ್ಯವಾಗಿ ಕಪ್ಪು ಇಲ್ಲವೆ ಬೂದು ಬಣ್ಣದ್ದು. ಸೌತಾಲಿನದು ಕೆಂಪು ಮಖಮಲ್ಲಿನದು ಅಥವಾ ಕೆನೆಬಣ್ಣದ್ದು. ಅಂಗಾಂಗಗಳ ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ. ಈ ಬೊಂಬೆಯ ಮೇಲೆ ಕಾಸಿನ ಸರವನ್ನು ಚೆನ್ನಾಗಿ ತೋರಿಸಬಹುದು, ಅಡ್ಡಿಗೆಯನ್ನೂ ಅವಲಕ್ಕಿ ಸರವನ್ನೂ ತೋರಿಸಬಹುದು. ಕಿವಿಯ ಮೇಲಂಚಿಗೆ ಹಾಕುವ ಬುಗುಡಿಯನ್ನು ಎಲ್ಲಿ ಇಡುವುದು? ಓಲೆಯಿಂದ ಕೂದಲಿಗೆ ಸಾಗುವ ಮಾಟಿಯನ್ನು ಯಾವುದಕ್ಕೆ ಸಿಕ್ಕಿಸುವುದು? ನತ್ತು, ರಾಗಟೆ, ಜಡೆಬಿಲ್ಲೆ, ಡಾಬು ಇವೆಲ್ಲ ತಟ್ಟೆಯಲ್ಲಿ ಮಲಗುತ್ತವೆ, ಇಲ್ಲವೆ ಒಳಗಿನ ಪೆಟ್ಟಿಗೆಯಲ್ಲೇ ಉಳಿಯುತ್ತವೆ.

ಇದೊಂದು ಸಣ್ಣ ಸಂಗತಿಯಂತೆ ಕಾಣಬಹುದು. ಆದರೆ ಗಾಜಿನ ಪೆಟ್ಟಿಗೆಯೊಂದು ಯಾವುದನ್ನು ತೋರಿಸಬಲ್ಲದೋ ಅದನ್ನೇ ಕೊಳ್ಳುವವರು ಕೇಳುತ್ತಾರೆ. ಕೇಳಿದ್ದನ್ನೇ ಅಕ್ಕಸಾಲಿಗರು ಮಾಡುತ್ತಾರೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಉಳಿದದ್ದರ ಹೆಸರೂ ಮರೆತುಹೋಗುತ್ತದೆ. ಒಡವೆಗೆ ತಕ್ಕ ಪ್ರದರ್ಶನ ಇರಬೇಕಾದಲ್ಲಿ, ಪ್ರದರ್ಶನಕ್ಕೆ ತಕ್ಕ ಒಡವೆ ತಯಾರಾಗುತ್ತದೆ. ಈ ನಗರದಲ್ಲಿ ಹೀಗಾಗಿರುವುದು ಇದೇ ಮೊದಲ ಸಲವೂ ಅಲ್ಲ. ಈ ಲೇಖನದಲ್ಲಿ ಲಂಡನ್ನಿನ ಕೆಲವು ಪ್ರದರ್ಶನಗಳನ್ನು, ಹಳೆಯವನ್ನೂ ಇಂದಿನವನ್ನೂ, ಈ ಒಂದೇ ಒರೆಗಲ್ಲಿಗೆ ಹಚ್ಚಿ ನೋಡಿದ್ದೇನೆ.

ದೀಪಕ್ಕೆ ತಕ್ಕಂತೆ ಕೊಯ್ದ ಕಲ್ಲು

ಮೊದಲ ಉದಾಹರಣೆ ಎಲ್ಲರೂ ಬಲ್ಲ ಕೋಹಿನೂರ್. ಅದು ಯಾರಿಗೆ ಸೇರಬೇಕು ಎಂಬ ಚರ್ಚೆ ನಮ್ಮ ಸಭೆಗಳಲ್ಲಿ ಸಾಕಷ್ಟು ನಡೆದಿದೆ. ಅದನ್ನು ಇಲ್ಲಿ ಹೇಗೆ ತೋರಿಸಿದರು ಎಂಬ ಕಥೆಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ.

1849ರ ಲಾಹೋರ್ ಒಪ್ಪಂದದ ಮೂಲಕ ಬಾಲಕ ದುಲೀಪ್ ಸಿಂಗನಿಂದ ಪಡೆದ ಈ ವಜ್ರ 1850ರಲ್ಲಿ ವಿಕ್ಟೋರಿಯಾ ರಾಣಿಯ ಕೈ ಸೇರಿತು. ಮರುವರ್ಷ ಮೇ 1ರಂದು ಹೈಡ್ ಪಾರ್ಕಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಮಹಾಪ್ರದರ್ಶನ ಆರಂಭವಾಯಿತು. ಅಕ್ಟೋಬರ್‌ವರೆಗೆ ನಡೆದ ಆ ಪ್ರದರ್ಶನಕ್ಕೆ ಸುಮಾರು 60 ಲಕ್ಷ ಭೇಟಿಗಳಾದವು. ಕೋಹಿನೂರನ್ನು ನೋಡಲು ಜನ ಮುಗಿಬಿದ್ದರು. ಬೀಗ ಮತ್ತು ತಿಜೋರಿಗಳಿಗೆ ಹೆಸರಾದ ಚಬ್ ಕಂಪನಿ ಅದಕ್ಕೆ ಪಂಜರದಂಥ ಪೆಟ್ಟಿಗೆಯೊಂದನ್ನು ಮಾಡಿತ್ತು. ನೋಡಿದವರಿಗೆ ನಿರಾಸೆಯಾಯಿತು. ಜಗತ್ತಿನ ದೊಡ್ಡ ವಜ್ರ ಎಂದು ಕೇಳಿ ಬಂದವರಿಗೆ ಗಾಜಿನ ಹರಳಿನಂಥ ಮಂಕು ಕಲ್ಲು ಕಂಡಿತು. ವ್ಯವಸ್ಥಾಪಕರು ಸುತ್ತ ಬಟ್ಟೆಯ ಮರೆ ಕಟ್ಟಿ, ಒಳಗೆ ಅನಿಲದೀಪಗಳನ್ನೂ ಕನ್ನಡಿಗಳನ್ನೂ ಇಟ್ಟರು. ಸೆಕೆ ಹೆಚ್ಚಿತು, ಹೊಳಪು ಸಾಲದಾಯಿತು. ‘ಬೆಳಕಿನ ಬೆಟ್ಟ’ ಎಂಬ ಅರ್ಥದ ಹೆಸರುಳ್ಳ ಕಲ್ಲನ್ನು ಪತ್ರಿಕೆಗಳು ಕತ್ತಲೆಯ ಬೆಟ್ಟವೆಂದು ಗೇಲಿ ಮಾಡಿದವು.

ಕಾರಣ ಬೆಳಕಿನ ಶಾಸ್ತ್ರದಲ್ಲಿದೆ. ಗಾಜಿನ ಛಾವಣಿಯಿಂದ ಇಳಿಯುವ ಹಗಲು ಎಲ್ಲ ದಿಕ್ಕಿನಿಂದಲೂ ಸಮನಾಗಿ ಹರಡಿ ಬರುತ್ತದೆ. ವಜ್ರ ಮಿನುಗಬೇಕಾದರೆ ಚಿಕ್ಕ, ತೀಕ್ಷ್ಣವಾದ ದೀಪಗಳು ಬೇಕು. ಕಲ್ಲು ಅಥವಾ ನೋಡುವ ಕಣ್ಣು ಅಲುಗಬೇಕು. ಅದೂ ಅಲ್ಲದೆ ಭಾರತದಲ್ಲಿ ಈ ಕಲ್ಲಿಗೆ ಪಟ್ಟೆ ಹಾಕಿದ್ದು ತೂಕ ಉಳಿಸುವ ಸಂಪ್ರದಾಯದಲ್ಲಿ. ಕಲ್ಲು ದೊಡ್ಡದಾಗಿ, ಹುಟ್ಟಿದ ರೂಪಕ್ಕೆ ಹತ್ತಿರವಾಗಿ ಉಳಿಯಬೇಕು ಎಂಬುದು ಅಲ್ಲಿನ ರುಚಿ. ರಣಜಿತ್ ಸಿಂಗ್ ಅದನ್ನು ತೋಳಿಗೆ ಕಟ್ಟಿಕೊಳ್ಳುತ್ತಿದ್ದ. ತೋಳು ಅಲುಗಿದಾಗ, ದರ್ಬಾರಿನ ದೀಪ ತಾಗಿದಾಗ ಅದು ಕಂಡ ಬಗೆಯೇ ಬೇರೆ. ಪಂಜರದಲ್ಲಿ ಅಲುಗದೆ ಕೂತಾಗ ಅದು ಸೋತಿತು.

ಮುಂದೆ ನಡೆದದ್ದೇ ನಮ್ಮ ವಿಷಯಕ್ಕೆ ಮುಖ್ಯ. ಪ್ರದರ್ಶನ ಸೋತಾಗ ಪ್ರದರ್ಶನವನ್ನು ಬದಲಿಸಲಿಲ್ಲ, ಕಲ್ಲನ್ನು ಬದಲಿಸಿದರು. 1852ರ ಬೇಸಿಗೆಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾಸ್ಟರ್ ಸಂಸ್ಥೆಯ ಕೆಲಸಗಾರರನ್ನು ಕರೆಸಿ, ಲಂಡನ್ನಿನ ಗ್ಯಾರಾರ್ಡ್ ಕಾರ್ಯಾಗಾರದಲ್ಲಿ ಉಗಿಯಂತ್ರದ ಸಾಣೆಗೆ ಅದನ್ನು ಒಡ್ಡಿದರು. ಮೊದಲ ಪಟ್ಟೆಗೆ ಕೈಹಚ್ಚಿದವನು ವೆಲಿಂಗ್ಟನ್ ಡ್ಯೂಕ್. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಅದೇ ಆರ್ಥರ್ ವೆಲ್ಲೆಸ್ಲಿ. 38 ದಿನಗಳ ಕೆಲಸ, 8,000 ಪೌಂಡ್ ಖರ್ಚು. ಇಂದಿನ ಮೆಟ್ರಿಕ್ ಲೆಕ್ಕದಲ್ಲಿ ಸುಮಾರು 191 ಕ್ಯಾರಟ್ ಇದ್ದ ಕಲ್ಲು 105.6 ಕ್ಯಾರಟ್‌ಗೆ ಇಳಿಯಿತು. ಶೇಕಡ 40ಕ್ಕೂ ಹೆಚ್ಚು ಭಾಗ ಪುಡಿಯಾಗಿ ಹೋಯಿತು. ವಿಕ್ಟೋರಿಯಾ ಕಾಲದ ಕಣ್ಣಿಗೆ, ವಿಕ್ಟೋರಿಯಾ ಕಾಲದ ದೀಪಕ್ಕೆ ಹೊಂದಲು ಒಂದು ಒಡವೆ ತೆತ್ತ ಬೆಲೆ ಅದು.

ಇಂದು ಆ ಕಲ್ಲು ಲಂಡನ್ ಗೋಪುರದಲ್ಲಿ, 1937ರಲ್ಲಿ ಮಾಡಿದ ರಾಣಿಯ ಕಿರೀಟದಲ್ಲಿದೆ. ಕಿರೀಟಗಳ ಮುಂದೆ ಚಲಿಸುವ ನೆಲಪಟ್ಟಿಯೊಂದು ನೋಡುಗರನ್ನು ಸಾಗಿಸುತ್ತದೆ. ಅಲುಗುವ ಕೆಲಸವನ್ನು ಒಡವೆಯ ಬದಲು ನೋಡುಗರೇ ಮಾಡುವುದರಿಂದ ಕಲ್ಲು ಮಿನುಗುತ್ತದೆ, ಜಾಣ ವ್ಯವಸ್ಥೆಯೇ. ಆದರೆ ನಿಂತು ನೋಡುವ ಸ್ವಾತಂತ್ರ್ಯವಿಲ್ಲ. 2023ರ ಮರುಜೋಡಣೆಯಲ್ಲಿ ಈ ವಜ್ರವನ್ನು ವಿಜಯದ ಸಂಕೇತವೆಂದು ಬಾಯಿಬಿಟ್ಟು ಹೇಳುವ ವಿವರಣೆಯನ್ನು ಸೇರಿಸಿದರು. ಅದನ್ನು ಮೆಚ್ಚಬೇಕು. ದೀಪ ಹೇಳದ್ದನ್ನು ಕೊನೆಗೂ ಅಕ್ಷರ ಹೇಳಿತು.

ಒಂದು ಸಿಂಹಾಸನ, ಹಲವು ಪೆಟ್ಟಿಗೆ

ಎರಡನೆಯ ಉದಾಹರಣೆ ನಮ್ಮ ಊರಿಗೆ ಇನ್ನೂ ಹತ್ತಿರದ್ದು. ಟಿಪ್ಪುವಿನ ಸಿಂಹಾಸನ ಮರದ ಚೌಕಟ್ಟಿಗೆ ಚಿನ್ನದ ತಗಡು ಹೊದಿಸಿದ್ದು. ಮುಂದೆ ದೊಡ್ಡ ಹುಲಿಯ ತಲೆ, ಮೇಲೆ ರತ್ನಖಚಿತ ಹುಮಾ ಹಕ್ಕಿ, ಸುತ್ತಲಿನ ಕಟಕಟೆಯ ಮೇಲೆ ಎಂಟು ಚಿಕ್ಕ ಹುಲಿತಲೆಗಳು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಕೊಳ್ಳೆಯ ಪಾಲು ಹಂಚುವ ಅಧಿಕಾರಿಗಳು ಅದನ್ನು ಒಡೆದು ತುಂಡು ಮಾಡಿದರು. ಹುಮಾ ಹಕ್ಕಿ ಮತ್ತು ದೊಡ್ಡ ಹುಲಿತಲೆ ಇಲ್ಲಿನ ರಾಜಮನೆತನದ ಸಂಗ್ರಹ ಸೇರಿದವು. ಚಿಕ್ಕ ತಲೆಗಳಲ್ಲಿ ಒಂದು ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಮತ್ತೊಂದು 2009ರಲ್ಲಿ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಸುಮಾರು 3.9 ಲಕ್ಷ ಪೌಂಡಿಗೆ ಮಾರಾಟವಾಯಿತು. 2021ರಲ್ಲಿ ಅಂಥದೇ ಒಂದಕ್ಕೆ 15 ಲಕ್ಷ ಪೌಂಡ್ ಬೆಲೆ ಕಟ್ಟಿ, ದೇಶದಿಂದ ಹೊರಹೋಗದಂತೆ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು.

2015ರ ನವೆಂಬರಿನಿಂದ 2016ರ ಮಾರ್ಚ್‌ವರೆಗೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಅಲ್ ಥಾನಿ ಸಂಗ್ರಹದ ಭಾರತೀಯ ಒಡವೆಗಳ ಪ್ರದರ್ಶನ ನಡೆಯಿತು. ಅದರಲ್ಲಿ ಈ ಹುಲಿತಲೆಗಳಲ್ಲೊಂದು ಇತ್ತು. ಕತ್ತಲೆಯ ಹಿನ್ನೆಲೆ, ಒಂದು ವಸ್ತು, ಅದರ ಮೇಲೆ ಬೆಳಕು ಎಂಬುದು ಇಂಥ ಪ್ರದರ್ಶನಗಳ ಭಾಷೆ. ಬಾಂಡ್ ಸ್ಟ್ರೀಟಿನ ಕಿಟಕಿ ಆಡುವುದೂ ಅದೇ ಭಾಷೆ. ಅದು ವಸ್ತುವನ್ನು ಚೆನ್ನಾಗಿ ಕಾಣಿಸುತ್ತದೆ: ಮಾಣಿಕ್ಯದ ಪಟ್ಟೆಗಳನ್ನು, ಪಚ್ಚೆಗಳನ್ನು, ಹಲ್ಲುಗಳ ಸಾಲನ್ನು ಎಣಿಸಬಹುದು. ಆದರೆ ಅದೇ ಬೆಳಕು ಒಂದನ್ನು ಮುಚ್ಚಿಡುತ್ತದೆ. ಅದು ಎಂಟರಲ್ಲಿ ಒಂದು, ಕಟಕಟೆಯಿಂದ ಕಿತ್ತದ್ದು, ತಾನೇ ಒಂದು ಪೂರ್ಣ ಒಡವೆಯಾಗಿ ಎಂದೂ ಇರಲಿಲ್ಲ ಎಂಬುದನ್ನು. ಒಂಟಿಯಾಗಿ ಬೆಳಗುವ ಪದ್ಧತಿಯಲ್ಲಿ ಚೂರು ಕೂಡ ಇಡಿಯಂತೆ ಕಾಣುತ್ತದೆ. ಪಕ್ಕದ ಬರಹ ಏನೇ ಹೇಳಲಿ, ಕಣ್ಣು ಮೊದಲು ನಂಬುವುದು ದೀಪವನ್ನು. ಇಡೀ ಸಿಂಹಾಸನದ ರೇಖಾಚಿತ್ರವನ್ನು ಆಳೆತ್ತರಕ್ಕೆ ಗೋಡೆಯ ಮೇಲೆ ಬರೆದು, ಆ ತಲೆಯನ್ನು ಅದರ ಜಾಗದಲ್ಲಿ ನಿಲ್ಲಿಸಿದರೆ ನೋಡುಗರಿಗೆ ಬೇರೆಯದೇ ಕಥೆ ತಿಳಿದೀತು.

ಎರಡು ಕೋಣೆಗಳ ನಡುವಿನ ದೂರ

ಇದೇ ಸಂಗ್ರಹಾಲಯದಲ್ಲಿ 2008ರಲ್ಲಿ ತೆರೆದ ಬೊಲಿಂಜರ್ ಒಡವೆ ಗ್ಯಾಲರಿ ಪ್ರತಿಯೊಬ್ಬರೂ ನೋಡಬೇಕಾದದ್ದು. ಪ್ರವೇಶ ಉಚಿತ, ಮಕ್ಕಳನ್ನು ಕರೆದೊಯ್ಯಲೇಬೇಕು. ವಾಸ್ತುಶಿಲ್ಪಿ ಏವಾ ಯಿರ್ಜಿಚ್ನಾ ರೂಪಿಸಿದ ಆ ಕೋಣೆಯಲ್ಲಿ ಬಾಗಿದ ಗಾಜಿನ ಪೆಟ್ಟಿಗೆಗಳಿವೆ, ಮೇಲಿನ ಅಟ್ಟಕ್ಕೆ ಏರುವ ಗಾಜಿನ ಸುರುಳಿ ಮೆಟ್ಟಿಲಿದೆ, 3,000ಕ್ಕೂ ಹೆಚ್ಚು ಒಡವೆಗಳಿವೆ. ಟೌನ್‌ಶೆಂಡ್ ಎಂಬ ಪಾದ್ರಿ ಬಿಟ್ಟುಹೋದ ಬಣ್ಣಬಣ್ಣದ ಹರಳುಗಳ ಸಂಗ್ರಹವನ್ನು ನೋಡಿದರೆ ರತ್ನಪರೀಕ್ಷೆಯ ಮೊದಲ ಪಾಠವಾಗುತ್ತದೆ. ಬೆಳಕಿನ ಹದ, ಜೋಡಣೆಯ ಕ್ರಮ, ಕಾಲದಿಂದ ಕಾಲಕ್ಕೆ ಸಾಗುವ ಕಥನ ಎಲ್ಲವೂ ಮೇಲ್ಮಟ್ಟದವು.

ನನ್ನ ತಕರಾರು ಗೋಡೆಗಳ ಬಗ್ಗೆ. ‘ಒಡವೆ’ ಎಂಬ ಹೆಸರಿನ ಆ ಕೋಣೆ ಮುಖ್ಯವಾಗಿ ಯುರೋಪಿನ ಒಡವೆಯ ಕಥೆಯನ್ನು ಹೇಳುತ್ತದೆ. ಭಾರತದ ಒಡವೆಗಳಿಗೆ ಅದೇ ಕಟ್ಟಡದಲ್ಲಿ ಬೇರೆ ನೆಲೆ; 1990ರಲ್ಲಿ ತೆರೆದ ನೆಹರೂ ಗ್ಯಾಲರಿ ಅದು. ಅಲ್ಲಿ ಅವು ಖಡ್ಗ, ಬಟ್ಟೆ, ಚಿತ್ರಗಳ ಜೊತೆ ಒಂದು ದೇಶದ ವಸ್ತುಗಳಾಗಿ ಬರುತ್ತವೆ. ಹೀಗೆ ವಿಂಗಡಿಸಲು ಸಂಗ್ರಹಾಲಯಕ್ಕೆ ಆಡಳಿತದ ಕಾರಣಗಳಿವೆ, ಒಪ್ಪುತ್ತೇನೆ. ಆದರೆ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅದು ಕಲಿಸುವ ಪಾಠವೇನು? ಕೆಳದಿಯ ಅರಸರ ಕಾಲದ ಪದಕ ಒಂದು ಪ್ರಾಂತ್ಯದ ಪುರಾವೆ, ಪ್ಯಾರಿಸಿನ ಪದಕ ಮಾತ್ರ ಕಲೆ ಎಂದು ಯಾರೂ ಬರೆದಿಲ್ಲ. ಆದರೂ ಎರಡು ಕೋಣೆಗಳ ನಡುವೆ ನಡೆಯುವ ಕಾಲುಗಳು ಅದನ್ನು ಕಲಿಯುತ್ತವೆ.

ಇದಕ್ಕಿಂತ ಒಳ್ಳೆಯ ದಾರಿಯನ್ನು ಲಂಡನ್ನೇ ತೋರಿಸಿದೆ. 1912ರಲ್ಲಿ ಚೀಪ್‌ಸೈಡ್ ಬೀದಿಯ ನೆಲಮಾಳಿಗೆಯಲ್ಲಿ ಕೂಲಿಕಾರರಿಗೆ ಸಿಕ್ಕ ಒಡವೆಗಳ ನಿಧಿ 17ನೇ ಶತಮಾನದ್ದು. ಅಕ್ಕಸಾಲಿಗರ ಬೀದಿಯೊಂದರ ಅಂಗಡಿಯ ಸರಕು ಅದು. ಅದರಲ್ಲಿ ಭಾರತ, ಸಿಂಹಳ, ಬರ್ಮಾಗಳ ಕಲ್ಲುಗಳೂ ಇವೆ. ಲಂಡನ್ ಮ್ಯೂಸಿಯಂ 2013–14ರಲ್ಲಿ ಆ ನಿಧಿಯನ್ನು ಇಡಿಯಾಗಿ ತೋರಿಸಿದಾಗ, ಅದೇ ಕಾಲದ ಜನ ಒಡವೆ ತೊಟ್ಟ ಚಿತ್ರಗಳನ್ನೂ ಜೊತೆಗಿಟ್ಟಿತ್ತು. ಉದ್ದ ಸರಪಳಿ ಹೆಗಲಿನಿಂದ ಹೇಗೆ ಇಳಿಬೀಳುತ್ತಿತ್ತು ಎಂಬುದು ಅದರಿಂದ ತಿಳಿಯುತ್ತದೆ. ಒಡವೆಗೆ ಮೈ ಬೇಕು. ಮೈಯನ್ನು ತರಲಾಗದಿದ್ದರೆ ಚಿತ್ರವನ್ನಾದರೂ ತರಬೇಕು.

ಖಾಲಿ ಕಿಟಕಿ, ತುಂಬಿದ ಕಿಟಕಿ

ಸಂಗ್ರಹಾಲಯದಿಂದ ಬೀದಿಗೆ ಬರೋಣ. ಬಾಂಡ್ ಸ್ಟ್ರೀಟಿನ ದುಬಾರಿ ಅಂಗಡಿಗಳ ಕಿಟಕಿ ಚಿಕ್ಕದು, ಆಳ ಕಡಿಮೆ. ಒಳಗೆ ಮೂರೋ ನಾಲ್ಕೋ ವಸ್ತುಗಳು, ಕಣ್ಣಿನ ಮಟ್ಟಕ್ಕೆ. ಬೆಲೆಚೀಟಿ ಸಾಮಾನ್ಯವಾಗಿ ಇರುವುದಿಲ್ಲ. ಸಂಜೆ ಎಲ್ಲವೂ ತಿಜೋರಿಗೆ, ಬೆಳಿಗ್ಗೆ ಮತ್ತೆ ಕಿಟಕಿಗೆ. ಹಾಗಾಗಿ ಪ್ರತಿ ತುಣುಕಿಗೂ ಅದರದೇ ಆಕಾರದ ಪೀಠ ಇರುತ್ತದೆ; ದಿನವೂ ಇಟ್ಟು ತೆಗೆಯುವವರ ಕೈ ತಪ್ಪಬಾರದು. ಸುತ್ತಲಿನ ಖಾಲಿ ಜಾಗವೇ ಅಲ್ಲಿ ಬೆಲೆಚೀಟಿಯ ಕೆಲಸ ಮಾಡುತ್ತದೆ.

ಸೌತಾಲ್ ಬ್ರಾಡ್‌ವೇ, ವೆಂಬ್ಲಿಯ ಈಲಿಂಗ್ ರೋಡ್, ಈಸ್ಟ್ ಹ್ಯಾಮ್ ಬಳಿಯ ಗ್ರೀನ್ ಸ್ಟ್ರೀಟ್‌ಗಳಲ್ಲಿ ಇದಕ್ಕೆ ಪೂರ್ತಿ ವಿರುದ್ಧ. ಕಿಟಕಿಯ ತಳದಿಂದ ತುದಿಯವರೆಗೆ ಬಳೆ, ಸರ, ಸೆಟ್ಟುಗಳು. ಒಳಗೆ ಆ ದಿನದ ಚಿನ್ನದ ದರ, ತಕ್ಕಡಿ, ಮಜೂರಿಯ ಲೆಕ್ಕ. ವಿನ್ಯಾಸ ಕಲಿತವರು ಇದನ್ನು ಅಭಿರುಚಿಯ ಕೊರತೆ ಎಂದು ಮೂಗು ಮುರಿಯುವುದುಂಟು. ನಾನು ಒಪ್ಪುವುದಿಲ್ಲ. ತೂಕಕ್ಕೆ ಮಾರುವ 22 ಕ್ಯಾರಟ್ ಚಿನ್ನ ಆಪತ್ತಿನ ಧನವೂ ಹೌದು. ಅದನ್ನು ಕೊಳ್ಳುವ ಕುಟುಂಬಕ್ಕೆ ಆಯ್ಕೆ ಕಾಣಬೇಕು, ಲೆಕ್ಕ ಕಾಣಬೇಕು. ತುಂಬಿದ ಕಿಟಕಿ ನಮ್ಮದಷ್ಟೇ ಲಕ್ಷಣವೂ ಅಲ್ಲ: ಹ್ಯಾಟನ್ ಗಾರ್ಡನ್‌ನ ಉಂಗುರದ ಅಂಗಡಿಗಳು, 1819ರ ಬರ್ಲಿಂಗ್ಟನ್ ಆರ್ಕೇಡಿನ ಹಳೆಯ ಒಡವೆಯ ಮಳಿಗೆಗಳು ಹಾಗೆಯೇ ತುಂಬಿವೆ. ನಮ್ಮ ಕಡೆಯ ಪರಂಪರೆಯಂತೂ ಮುಚ್ಚುಮರೆಯಿಲ್ಲದ್ದು. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, 1520ರ ಸುಮಾರಿಗೆ ಬಂದ ಪಾಯೆಸ್ ಇಬ್ಬರೂ ಮಾಣಿಕ್ಯ, ವಜ್ರ, ಮುತ್ತುಗಳನ್ನು ಪೇಟೆಯಲ್ಲಿ ಬಹಿರಂಗವಾಗಿ ಮಾರುತ್ತಿದ್ದರೆಂದು ಬರೆದಿಟ್ಟಿದ್ದಾರೆ.

ನನ್ನ ಟೀಕೆ ಬೇರೆ ಕಡೆಗಿದೆ. ನಮ್ಮವರ ಅಂಗಡಿಗಳು ಬಾಂಡ್ ಸ್ಟ್ರೀಟಿನಿಂದ ಎರಡನ್ನು ತಂದುಕೊಂಡಿವೆ: ಕಿವಿಯಿಲ್ಲದ ಬೊಂಬೆ ಮತ್ತು ವಜ್ರದ ಬೆಳಕು.

ಬೊಂಬೆಯ ಮಾತು ಮೇಲೆ ಬಂತು. ಬೆಳಕಿನದು ಹೀಗೆ. ವಜ್ರಕ್ಕೆ ಒಪ್ಪುವುದು 4,000 ಕೆಲ್ವಿನ್‌ಗೆ ಮೇಲ್ಪಟ್ಟ ತಣ್ಣನೆಯ ಬಿಳಿ ಬೆಳಕು. ಹಳದಿ ಚಿನ್ನಕ್ಕೆ ಬೇಕಾದದ್ದು 2,700ರಿಂದ 3,000 ಕೆಲ್ವಿನ್‌ನ ಬೆಚ್ಚಗಿನ ಬೆಳಕು. ಮುತ್ತಿಗೆ ಹರಡಿದ ಬೆಳಕು ಬೇಕು. ಚೂಪು ದೀಪದಲ್ಲಿ ಅದರ ಮೈಯ ಕಾಂತಿ ಸತ್ತು ಒಂದು ಚುಕ್ಕೆ ಉಳಿಯುತ್ತದೆ. ನಮ್ಮ ಕೆಂಪಿನ ಓಲೆ, ಕೆಂಪಿನ ಅಡ್ಡಿಗೆಗಳ ಕಲ್ಲುಗಳನ್ನು ಹಿಂಬದಿ ಮುಚ್ಚಿ, ಹೊಳೆಯುವ ತಗಡಿಟ್ಟು ಕೂರಿಸಿರುತ್ತಾರೆ. ಎಣ್ಣೆದೀಪದ ಅಲುಗುವ, ಹಳದಿ ಬೆಳಕು ಒಳಹೊಕ್ಕು ತಗಡಿಗೆ ತಾಗಿ ಕೆಂಡದಂತೆ ಮರಳಬೇಕು ಎಂಬುದು ಆ ಕಸುಬಿನ ಲೆಕ್ಕ. ತಣ್ಣನೆಯ ಬಿಳಿ ಎಲ್‌ಇಡಿಯ ಕೆಳಗೆ ಅದೇ ಕಲ್ಲು ಕಪ್ಪಗೆ ಕೂರುತ್ತದೆ, ಚಿನ್ನ ಹಿತ್ತಾಳೆಯಂತೆ ಹಸಿರೇರುತ್ತದೆ. ನೋಡಿದ ಹುಡುಗಿ “ಇದು ಹಳೇ ಕಾಲದ್ದು” ಎಂದು ಪಕ್ಕದ ಹರಳಿನ ಸೆಟ್ಟಿಗೆ ಹೋಗುತ್ತಾಳೆ. 1851ರ ಕಥೆ ಗ್ರೀನ್ ಸ್ಟ್ರೀಟಿನಲ್ಲಿ ಸದ್ದಿಲ್ಲದೆ ಮರುಕಳಿಸುತ್ತಿದೆ: ದೀಪ ಹೊಂದದಿದ್ದಾಗ ಹೋಗುವುದು ಒಡವೆಯೇ.

ಕೊಡಗಿನ ಜೋಮಾಲೆಯನ್ನೇ ತೆಗೆದುಕೊಳ್ಳಿ. ಚಿನ್ನದ ಟೊಳ್ಳು ಮಣಿಗಳೊಳಗೆ ಅರಗು ತುಂಬಿ ಪೋಣಿಸಿದ ಹಾರ ಅದು. ದಪ್ಪನಾಗಿ ಕಂಡರೂ ಹಗುರ. ಕೊಡವ ಶೈಲಿಯ ಸೀರೆಯ ಮೇಲೆ ಅದರ ಚೆಲುವು. ಚಪ್ಪಟೆ ಮಖಮಲ್ಲಿನ ಮೇಲೆ ಮಲಗಿಸಿದರೆ ಕೇವಲ ಮಣಿಸಾಲು. ಬೋರಮಾಳ, ಗುಂಡಿನ ಸರಗಳ ಗತಿಯೂ ಅಷ್ಟೆ.

ಮುದ್ರೆ ಮತ್ತು ಕುಲುಮೆ

ಬ್ರಿಟನ್ನಿನ ಒಡವೆ ಅಂಗಡಿಯಲ್ಲಿ ಕಾನೂನು ಕಡ್ಡಾಯ ಮಾಡಿದ ಒಂದು ಪ್ರದರ್ಶನವಿದೆ. 1973ರ ಹಾಲ್‌ಮಾರ್ಕ್ ಕಾಯಿದೆಯ ಪ್ರಕಾರ, ಮುದ್ರೆಗಳ ಅರ್ಥ ವಿವರಿಸುವ ಫಲಕವನ್ನು ಗಿರಾಕಿಗೆ ಕಾಣುವಂತೆ ಹಾಕಬೇಕು. ಒಂದು ಗ್ರಾಂಗಿಂತ ಹೆಚ್ಚು ತೂಕದ ಚಿನ್ನಕ್ಕೆ ಮೂರು ಗುರುತುಗಳು ಬೇಕು: ಒಡವೆಯನ್ನು ಒಪ್ಪಿಸಿದವರ ಗುರುತು, ಶುದ್ಧತೆಯ ಅಂಕೆ (22 ಕ್ಯಾರಟ್‌ಗೆ 916), ಪರೀಕ್ಷಾಲಯದ ಚಿಹ್ನೆ. ಲಂಡನ್ನಿನ ಚಿಹ್ನೆ ಚಿರತೆಯ ಮುಖ. ಹೊಳಪು ಏನೇ ಹೇಳಲಿ, ಸತ್ಯ ಈ ಕೂದಲೆಳೆಯಷ್ಟು ಅಕ್ಷರಗಳಲ್ಲಿದೆ.

ಇದೇ ಕಾನೂನಿನ ಇನ್ನೊಂದು ಮುಖ ನಮ್ಮ ಮನೆಗಳಿಗೆ ತಾಗುತ್ತದೆ. ಇಲ್ಲಿ ಮಾನ್ಯವಾದ ಮುದ್ರೆಯಿಲ್ಲದ ಒಡವೆಯನ್ನು ಸಾಮಾನ್ಯವಾಗಿ ‘ಚಿನ್ನ’ ಎಂದು ಕರೆದು ಮಾರುವಂತಿಲ್ಲ. ಅಜ್ಜಿಯ ಬುಗುಡಿಯ ಮೇಲೆ ಅಂಥ ಮುದ್ರೆ ಎಲ್ಲಿಂದ ಬರಬೇಕು? ಮೊಮ್ಮಗಳು ಅದನ್ನು ಅಂಗಡಿಗೆ ಒಯ್ದರೆ ತೂಕಕ್ಕೆ ಬೆಲೆ ಸಿಗುತ್ತದೆ, ಕಸುಬಿಗೆ ಸಿಗುವುದಿಲ್ಲ. ಅಲ್ಲಿಂದ ಅದು ಹೋಗುವುದು ಕುಲುಮೆಗೆ. ಕಿಟಕಿಯಲ್ಲಿ ಜಾಗವಿಲ್ಲದ, ಮುದ್ರೆಯಿಲ್ಲದ, ಹೆಸರು ಮರೆತ ಒಡವೆಗೆ ಈ ಊರಿನಲ್ಲಿ ಬೇರೆ ದಾರಿ ಕಡಿಮೆ.

ಅಂಗಡಿಕಾರರನ್ನೇ ದೂರಿ ಕೂರುವುದು ನ್ಯಾಯವಲ್ಲ. ಬಾಡಿಗೆ, ವಿಮೆ, ಕಳ್ಳತನದ ಭಯಗಳ ನಡುವೆ ಅವರು ಮಾರಾಟವಾಗುವುದನ್ನು ಇಡುತ್ತಾರೆ. ಆದರೂ ಒಂದು ಪೆಟ್ಟಿಗೆಗೆ ಬೆಚ್ಚಗಿನ ದೀಪ ಹಾಕುವುದು, ಒಂದು ಬೊಂಬೆಗೆ ತಲೆ, ಕಿವಿ, ಜಡೆ ಕೊಡುವುದು ದೊಡ್ಡ ಖರ್ಚಲ್ಲ. ಬೊಂಬೆಯ ಮೇಲೆ ಬುಗುಡಿ ಕಂಡರೆ ಅದನ್ನು ಕೇಳುವವರೂ ಬರುತ್ತಾರೆ.

ಉಳಿದ ಕೆಲಸ ನಮ್ಮ ಕೈಯಲ್ಲಿದೆ. ರಾಜ್ಯೋತ್ಸವ, ದೀಪಾವಳಿ ಸಮಾರಂಭಗಳಲ್ಲಿ ಮನೆಯ ಹಳೆಯ ಒಡವೆಗಳನ್ನು ತೋರಿಸುವುದಾದರೆ, ಗಾಜಿನ ಮೇಜಿನ ಮೇಲೆ ಸಾಲಾಗಿ ಜೋಡಿಸುವುದು ಬೇಡ. ತೊಟ್ಟವರೇ ನಿಂತು ತೋರಿಸಲಿ, ಹಳದಿ ದೀಪದ ಬೆಳಕಿನಲ್ಲಿ. ಜೊತೆಗಿನ ಚೀಟಿಯಲ್ಲಿ ಒಡವೆಯ ಹೆಸರು ಮನೆಯಲ್ಲಿ ಕರೆಯುವಂತೆಯೇ ಇರಲಿ. ಯಾವ ಊರಿನದು, ಮೈಯ ಯಾವ ಭಾಗಕ್ಕೆ, ಯಾರು ಯಾವ ಸಂದರ್ಭಕ್ಕೆ ತೊಟ್ಟರು, ಮಾಡಿದ ಅಕ್ಕಸಾಲಿಗರ ಹೆಸರು ಗೊತ್ತಿದ್ದರೆ ಅದೂ ಇರಲಿ. ಹಿಂಬದಿಯನ್ನೂ ತೋರಿಸಿ. ಸವೆದ ಕೊಕ್ಕೆ, ಮತ್ತೆ ಬೆಸೆದ ಕೊಂಡಿ, ಅಡವಿಟ್ಟು ಬಿಡಿಸಿದಾಗ ಆದ ಗೀರು ಇವೆಲ್ಲ ಆ ಒಡವೆಯ ಚರಿತ್ರೆಯೇ.

ಕಷ್ಟಕಾಲದಲ್ಲಿ ಒಡವೆ ಮಾರುವುದರಲ್ಲಿ ತಪ್ಪೇನೂ ಇಲ್ಲ. ಅದಕ್ಕೆಂದೇ ಹಿರಿಯರು ಮಾಡಿಸಿದ್ದು. ಮಾರುವ ಮೊದಲು ಮನೆಯ ಹುಡುಗಿಯೊಬ್ಬಳಿಗೆ ತೊಡಿಸಿ, ಮುಂದಿನಿಂದಲೂ ಪಕ್ಕದಿಂದಲೂ ಚಿತ್ರ ತೆಗೆದು, ಹೆಸರು ಮತ್ತು ತೂಕ ಬರೆದಿಡಿ. ಬೊಂಬೆ ತೋರಿಸಲಾರದ್ದನ್ನು ಆ ಒಂದು ಚಿತ್ರ ತೋರಿಸುತ್ತದೆ. ಮುಂದೆಂದಾದರೂ ಇಲ್ಲಿನ ಅಕ್ಕಸಾಲಿಗರೊಬ್ಬರ ಬಳಿ ಅವಳು ಬುಗುಡಿ ಮಾಡಿಸಲು ಹೋದರೆ, ಎದುರಿಗಿಡಲು ಅವಳ ಕೈಯಲ್ಲಿ ಏನಾದರೂ ಇರುತ್ತದೆ.